ಇಂದ್ರವ್ವ ಚೆಲ್ಲಿದ ಚರಗ

ರನ್ನ ಬೆಳಗಲಿಯ ಇಂದ್ರವ್ವನಿಗೆ ಬಯಲಲ್ಲಿ ಮಲಗುವುದು ಹೊಸದಲ್ಲ. ಕಬ್ಬಿನ ದರಕ್ಕಾಗಿ ಹೆದ್ದಾರಿಯ ಮೇಲೆ, ಪೊಲೀಸರ ಬೂಟಿನ ಪಕ್ಕದಲ್ಲೇ ಗೊರಕೆ ಹೊಡೆದವಳು. ಕರೆಂಟಿಗೆ ಕಾಯುತ್ತ ಹೊಲದ ಬದುವಿನ ಮೇಲೆ ಮಲಗಿದವಳು. ಶ್ರೀಶೈಲಕ್ಕೆ ನಡೆದು ಹೋಗುವಾಗ ಸಿಕ್ಕ ಸಿಕ್ಕ ಮರದಡಿ ಒರಗಿದವಳು. ಆದರೆ ಬೇಡಿಕೆಯೂ ಹರಕೆಯೂ ಇಲ್ಲದೆ, ಸುಮ್ಮನೆ ಕಾಡಿನಲ್ಲಿ ಮಲಗಿ ಏಳುವುದು ಐವತ್ತೆಂಟು ವರ್ಷಕ್ಕೆ ಇದೇ ಮೊದಲು.

ಕರೆತಂದವಳು ತಂಗಿಯ ಮಗಳು ಕಾವ್ಯ, ಜಮಖಂಡಿಯ ಹೈಸ್ಕೂಲಿನಲ್ಲಿ ಆಟದ ಟೀಚರ್. ತನ್ನ ಹನ್ನೆರಡು ಹುಡುಗಿಯರನ್ನು ಬೀಳಗಿ ಕಡೆಯ ಚಿಂಕಾರ ಜಿಂಕೆಗಳ ಕಾಡಿನಲ್ಲಿ ಡೇರೆ ಹಾಕಿ ಇರಿಸಬೇಕೆಂಬುದು ಅವಳ ಹಟ. ಹುಡುಗರಾದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಹುಡುಗಿಯರೆಂದ ಕೂಡಲೇ ಎಲ್ಲರಿಗೂ ಕೆಮ್ಮು ಬಂತು. ಕೊನೆಗೆ ಆ ಕಾಡಿನ ಗಾರ್ಡ್ ಮಲಕಾಜಪ್ಪ ಒಂದು ದಾರಿ ಹೇಳಿದ: ಮೊದಲು ದೊಡ್ಡ ಹೆಂಗಸರು ಬಂದು ಒಂದು ರಾತ್ರಿ ಇದ್ದು ತೋರಿಸಲಿ. ನಿಯಮ ಮುರಿಯದಿದ್ದರೆ ಹುಡುಗಿಯರಿಗೂ ಪರವಾನಗಿ. ಮುರಿದರೆ ಆ ಮಾತು ಅಲ್ಲಿಗೇ ಮುಗಿಯಿತು.

ಐದು ಮಂದಿ ಹೆಂಗಸರು ಚೀಲ ಹೊತ್ತು ಕಲ್ಲುದಾರಿ ಹಿಡಿದರು. ಇಂದ್ರವ್ವನ ಚೀಲವೇ ಎಲ್ಲಕ್ಕಿಂತ ಭಾರ: ಕಟಕು ರೊಟ್ಟಿ, ಶೇಂಗಾ ಚಟ್ನಿ, ಸಜ್ಜೆ ಕಡಬು.

‘ಏ ಇಂದ್ರಕ್ಕಾ, ಕಾಡಿಗೆ ಹೊಂಟೀಯೋ, ಬೀಗರೂರಿಗೋ?’ ನೆರೆಮನೆಯ ಶೇವಂತಿ ಕೆಣಕಿದಳು.

‘ಉಣ್ಣಾಗ ಕೈ ಚಾಚ್ತೀಯಲ್ಲಾ, ಆವಾಗ ಹೇಳ್ತೇನಿ.’

ಡೇರೆ ಹಾಕುವ ಜಾಗದ ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಮೂರು ಸಾಲು ಬರೆದಿತ್ತು. ಬೆಂಕಿ ಹಚ್ಚಬಾರದು. ಪ್ಲಾಸ್ಟಿಕ್ ಬಿಡಬಾರದು. ಪ್ರಾಣಿಗಳಿಗೆ ತಿನಿಸು ಹಾಕಬಾರದು. ಇಂದ್ರವ್ವ ಮೂರನ್ನೂ ಗಟ್ಟಿಯಾಗಿ ಓದಿ ತಲೆಯಾಡಿಸಿದಳು.

ಹೊತ್ತು ಇಳಿಯುವಾಗ ಬುತ್ತಿ ಬಿಚ್ಚಿದಳು. ಕೈ ತಾನಾಗಿಯೇ ಕಡಬು ಮುರಿಯಿತು, ರೊಟ್ಟಿ ಪುಡಿ ಮಾಡಿತು. ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿಗೆ ಎಡೆಯಾಗಿ ಚೆಲ್ಲುವಂತೆ ಡೇರೆಗಳ ಸುತ್ತ ಚರಗ ಚೆಲ್ಲಿಬಿಟ್ಟಳು.

ಮಲಕಾಜಪ್ಪ ಓಡಿ ಬಂದ. ‘ಏನ್ ಮಾಡಿದ್ರಿ ಯವ್ವಾ? ಬಂಡೆ ಮ್ಯಾಲಿಂದು ಓದಿದ್ರಿಲ್ಲ?’

‘ಪ್ರಾಣಿಗೆ ಹಾಕಬ್ಯಾಡ ಅಂತ ಬರದೀರಿ. ನಾ ಭೂಮಿತಾಯಿಗೆ ಹಾಕೇನಿ. ಬಯಲಾಗ ಕುಂತು ಆಕಿಗೆ ಕೊಡಲಾರದ ಉಣಬೇಕೇನು?’

‘ಭೂಮಿ ಎದ್ದು ಬಂದು ತಿಂತೈತೇನ್ರಿ? ತಿನ್ನೂವು ಹಂದಿ, ನರಿ. ಇವತ್ತ ರುಚಿ ಹತ್ತಿದ್ರ ನಾಳಿ ಆ ಹುಡಿಗ್ಯಾರ ಡೇರೆದಾಗ ಮೂತಿ ತೂರಸ್ತಾವ. ನಿಮ್ಮ ಹೊಲಾ ನೀವು ಉತ್ತು ತಿಂತೀರಿ, ಅದಕ್ಕ ಉಣಸ್ತೀರಿ, ಖರೆ. ಈ ನೆಲಾ ಯಾರ ಉತ್ತಾರ?’

ತಹಶೀಲ್ದಾರರ ಎದುರೂ ಬಾಯಿ ಸೋಲದವಳು ಕಾವ್ಯಳತ್ತ ತಿರುಗಿದಳು. ಅವಳು ಡೇರೆಯ ಹಗ್ಗ ಹಿಡಿದು ನಿಂತಿದ್ದಳು, ಬಿಚ್ಚಲೋ ಬೇಡವೋ ಎಂಬಂತೆ.

‘ಕತ್ತಲಾಗಾಕ ಎಷ್ಟು ಹೊತ್ತೈತಿ?’ ಇಂದ್ರವ್ವ ಕೇಳಿದಳು.

‘ಅರ್ಧಾ ತಾಸು.’

ಸೆರಗು ಸಿಕ್ಕಿಸಿ ಮೊಣಕಾಲೂರಿದಳು. ಮುಳ್ಳುಹುಲ್ಲಿನ ಸಂದಿಯಿಂದ ಚೂರು ಚೂರು ಆರಿಸಿ ಡಬ್ಬಿಗೆ ಹಾಕತೊಡಗಿದಳು. ಉಳಿದವರೂ ಬಗ್ಗಿದರು. ಇಂದ್ರವ್ವನ ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂತು.

‘ಚೆಲ್ಲಿದ ಚರಗ ಆರಿಸಿದ ಮಂದಿ ಜಗತ್ತಿನ್ಯಾಗ ನಾವ ಮೊದಲಿಗರು,’ ಶೇವಂತಿ ಗೊಣಗಿದಳು.

‘ಬಾಯಿ ಮುಚ್ಚಿ ಆರಸು ಬೇ. ನಿನ್ನ ಕಾಲಬುಡಕ ಒಂದ್ ತುಣುಕೈತಿ.’

ಮಲಕಾಜಪ್ಪನೂ ಕಡೆಗೆ ಟಾರ್ಚ್ ಹಚ್ಚಿ ಕುಕ್ಕರಗಾಲಲ್ಲಿ ಕೂತ.

ಬೆಳಗಿನ ಚಳಿಯಲ್ಲಿ ಇಂದ್ರವ್ವ ಡೇರೆಯಿಂದ ತಲೆ ಹೊರಗೆ ಹಾಕಿದಾಗ ಎರಡು ಚಿಂಕಾರಗಳು ದೂರದಲ್ಲಿ ಎಲೆ ಕಡಿಯುತ್ತಿದ್ದವು. ಇವಳತ್ತ ನೋಡಿ, ಇವಳಿಂದ ಏನೂ ಆಗಬೇಕಿಲ್ಲ ಎಂಬಂತೆ ಮತ್ತೆ ಎಲೆಗೆ ಬಾಯಿ ಹಾಕಿದವು. ಮಲಕಾಜಪ್ಪ ಡೇರೆಗಳ ಸುತ್ತ ನೆಲ ನೋಡುತ್ತ ಎರಡು ಸುತ್ತು ಬಂದ. ಹಂದಿಯ ಹೆಜ್ಜೆ ಇರಲಿಲ್ಲ. ಡಬ್ಬಿಯಲ್ಲಿದ್ದ ಚರಗವನ್ನು ಇಂದ್ರವ್ವ ಊರಿಗೆ ಒಯ್ದು ತನ್ನ ಕಬ್ಬಿನ ಹೊಲದಲ್ಲಿ ಚೆಲ್ಲಿದಳು.

ಹದಿನೈದು ದಿನ ಬಿಟ್ಟು ಹನ್ನೆರಡು ಹುಡುಗಿಯರ ಜೊತೆ ಮತ್ತೆ ಬಂದಾಗ, ಬಂಡೆಯ ಮೇಲೆ ನಾಲ್ಕನೇ ಸಾಲು ಕಂಡಿತು: ಚರಗ ಚೆಲ್ಲಬಾರದು.

‘ನನ್ನ ಹೆಸರೂ ಬರೀಬೇಕಿತ್ತಲ್ಲೋ ತಮ್ಮಾ.’

‘ಜಾಗಾ ಸಾಲಲಿಲ್ರಿ ಯವ್ವಾ,’ ಎಂದ ಮಲಕಾಜಪ್ಪ.

ಇಂದ್ರವ್ವ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಬಂಡೆಯ ಆ ನಾಲ್ಕನೇ ಸಾಲನ್ನು ಎರಡು ಸಲ ಓದಿಸಿದಳು.