ಎಡಗಡೆಯ ಜೇಬು

ಮೇಷ್ಟ್ರ ಸೊಂಟದ ಚೀಲ ಕಂಡರೆ ನನಗೆ ಮೊದಲ ದಿನದಿಂದಲೂ ಹೊಟ್ಟೆ ಉರಿಯುತ್ತಿತ್ತು. ಹೊಲಿದವರು ಅವರ ಹೆಂಡತಿ. ಹಳೇ ಜೀನ್ಸ್ ಪ್ಯಾಂಟು ಕತ್ತರಿಸಿ, ಬಲಗಡೆ ಜಿಪ್ ಇರುವ ಜೇಬು, ಎಡಗಡೆ ಬಾಯಿ ತೆರೆದ ಜೇಬು, ನಡುವೆ ಪುಟ್ಟ ಕರಣೆ ಸಿಕ್ಕಿಸಲು ಒಂದು ಪಟ್ಟಿ ಇಟ್ಟಿದ್ದರು. ನೆಲದಲ್ಲಿ ಸಿಕ್ಕ ಒಳ್ಳೆಯ ವಸ್ತು ಬಲಕ್ಕೆ. ಮೊಳೆ, ಬಾಟಲಿ ಮುಚ್ಚಳ, ಮಾತ್ರೆಯ ಖಾಲಿ ಹಾಳೆಯಂಥ ಕಸ ಎಡಕ್ಕೆ. ಅಗೆದ ಗುಂಡಿ ಮುಚ್ಚಬೇಕು, ಕಸವನ್ನು ಅಲ್ಲೇ ಬಿಸಾಡಬಾರದು ಎನ್ನುವುದು ಮೇಷ್ಟ್ರ ನಿಯಮ.

ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬೈಕ್ ರಿಪೇರಿ ಗ್ಯಾರೇಜ್ ಇಟ್ಟವನು. ಅವರು ಶಿವಮೊಗ್ಗದ ಹೊಸಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರು. ಅವರ ಸ್ಕೂಟರ್ ರಿಪೇರಿಗೆ ಬಂದಾಗ ಶುರುವಾದ ಸ್ನೇಹ ಇಬ್ಬರೂ ಒಂದೊಂದು ಮೆಟಲ್ ಡಿಟೆಕ್ಟರ್ ಕೊಳ್ಳುವವರೆಗೆ ಹೋಯಿತು. ಅಂಗಳದಲ್ಲಿ ಉಂಗುರವೋ ಓಲೆಯೋ ಕಳೆದುಕೊಂಡವರು ಕರೆಯುತ್ತಾರೆ. ಭಾನುವಾರ ಹೋಗಿ ಹುಡುಕಿಕೊಟ್ಟು, ಕಾಫಿ ಕುಡಿದು ಬರುತ್ತೇವೆ. ಹುಡುಕಿಕೊಡುವವರು ಅವರು, ಕಾಫಿ ಕುಡಿಯುವವನು ನಾನು.

ನನ್ನ ಸಾಮಾನೆಲ್ಲ ಒಂದು ಅಕ್ಕಿ ಚೀಲದಲ್ಲಿ. ನನಗೂ ಸೊಂಟಕ್ಕೊಂದು ಹೊಲಿದುಕೊಡು ಎಂದು ನನ್ನವಳನ್ನು ಕೇಳಿದ್ದಕ್ಕೆ, ಮೊದಲು ಮನೆಯ ಮಿಕ್ಸಿ ರಿಪೇರಿ ಮಾಡಿ ಎಂದಳು. ಮೆಕ್ಯಾನಿಕ್ ಅಭ್ಯಾಸ ನೋಡಿ, ಪ್ಯಾಂಟಿನ ಜೇಬಿನಲ್ಲಿ ಸದಾ ಎರಡು ಸ್ಪ್ಯಾನರ್. ಕುಕ್ಕರಗಾಲಿನಲ್ಲಿ ಕೂತು ಹುಡುಕುವಾಗ ನನ್ನ ಮೆಷಿನ್ ನನ್ನ ಜೇಬಿಗೇ ಕಿರುಚುತ್ತಿತ್ತು. ಅದು ತಿಳಿಯದೆ ಒಂದು ಭಾನುವಾರ ಆರು ಗುಂಡಿ ತೋಡಿ, ಮೆಷಿನ್ನೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮೇಷ್ಟ್ರು ನಕ್ಕರು. ಆ ನಗು ನನಗೆ ವಾರಗಟ್ಟಲೆ ಚುಚ್ಚಿತು.

ಆಮೇಲೆ ಮಲವಗೊಪ್ಪದ ಒಂದು ಮನೆಯಿಂದ ಕರೆ ಬಂತು. ಸೊಸೆಯ ಕೆಂಪು ಹರಳಿನ ಒಂದು ಕಿವಿಯೋಲೆ ಹಿತ್ತಲಲ್ಲಿ, ಪಾತ್ರೆ ತೊಳೆಯುವ ಕಡೆ ಕಳೆದಿತ್ತು. ಅನುಮಾನ ಮನೆಕೆಲಸದ ಹೆಂಗಸಿನ ಮೇಲೆ. ಇವತ್ತು ಸಿಗದಿದ್ದರೆ ನಾಳೆಯಿಂದ ಬರಬೇಡ ಎಂದು ಮನೆಯವರು ಹೇಳಿಯಾಗಿತ್ತು. ನಾವು ಹುಡುಕುವಷ್ಟು ಹೊತ್ತೂ ಆಕೆ ಸೆರಗು ಹಿಡಿದುಕೊಂಡು ಒಗೆಯುವ ಕಲ್ಲಿನ ಪಕ್ಕ ನಿಂತೇ ಇದ್ದಳು.

ಸ್ಪ್ಯಾನರ್ ತೆಗೆದಿಡುವುದನ್ನು ನಾನು ಅವತ್ತೂ ಮರೆತಿದ್ದೆ. ಮೇಷ್ಟ್ರು ಎಲ್ಲರ ಎದುರೇ, "ಭಾಯ್, ನೀವು ಸ್ವಲ್ಪ ದೂರ ನಿಂತ್ಕೊಳ್ಳಿ. ನಿಮ್ಮ ಸ್ಪ್ಯಾನರ್ ನನ್ನ ಮೆಷಿನ್ನಿಗೂ ಕೇಳಿಸ್ತಿದೆ" ಎಂದರು. ಮನೆಯವರು ನಕ್ಕರು. ನಾನು ಹೋಗಿ ಕಾಂಪೌಂಡ್ ಗೋಡೆಗೆ ಒರಗಿ ನಿಂತೆ.

ಸಂಜೆ ನಾಲ್ಕರ ಹೊತ್ತಿಗೆ ಮೇಷ್ಟ್ರು ಒಂದು ಹೆಂಟೆ ಎತ್ತಿ, ಹಿಚುಕಿ, ಮಾತ್ರೆಯ ಹಾಳೆ ಕಂಡು, ಮಣ್ಣಿನ ಸಮೇತ ಹಾಗೆಯೇ ಎಡಗಡೆಯ ಜೇಬಿಗೆ ಹಾಕಿಕೊಂಡರು. ಕನ್ನಡಕ ಅವರ ಹಣೆಯ ಮೇಲಿತ್ತು. ನಾನು ನಿಂತ ಕಡೆಗೆ ಆ ಮಣ್ಣಿನಲ್ಲಿ ಒಂದು ಕೆಂಪು ಹರಳು ಮಿಂಚಿದ್ದು ಸ್ಪಷ್ಟವಾಗಿ ಕಂಡಿತು. ಬಾಯಿ ತೆರೆದೆ, ಮುಚ್ಚಿದೆ. ಪ್ರತಿ ಸಲ ಹುಡುಕಾಟ ಮುಗಿದ ಮೇಲೆ ಎಡಜೇಬಿನ ಕಸ ಬಂದು ಬೀಳುವುದು ನನ್ನ ಗ್ಯಾರೇಜಿನ ಗುಜರಿ ಡಬ್ಬಕ್ಕೆ. ಅಲ್ಲಿ ಅದನ್ನು ನಾನು ಹೆಕ್ಕಿ ತೆಗೆಯಬೇಕು, ನಾನೇ ತಂದುಕೊಡಬೇಕು, ಒಂದು ಸಲವಾದರೂ ಸಿಕ್ಕಿದ್ದು ನನ್ನ ಕೈಗೆ ಅನ್ನಿಸಿಕೊಳ್ಳಬೇಕು ಎಂಬ ಆಸೆ. ಕಲ್ಲಿನ ಪಕ್ಕ ನಿಂತವಳ ಕಡೆ ನಾನು ನೋಡಲೇ ಇಲ್ಲ.

ಓಲೆ ಸಿಗಲಿಲ್ಲ ಎಂದು ಹೇಳಿ ಹೊರಟೆವು. ಅಷ್ಟರಲ್ಲಿ ಮೇಷ್ಟ್ರಿಗೆ ಮನೆಯಿಂದ ಫೋನ್ ಬಂತು. ನೆಂಟರು ಬಂದಿದ್ದಾರೆಂದು ಅವರು ಸ್ಕೂಟರನ್ನು ನೇರ ಹೊಸಮನೆಗೆ ತಿರುಗಿಸಿದರು. ನಾನು ಅಕ್ಕಿ ಚೀಲ ಹೆಗಲಿಗೇರಿಸಿ ಭದ್ರಾವತಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಫೋನ್ ಕೈಯಲ್ಲೇ ಇತ್ತು. ಮಾಡಿದರೆ, ಆಗಲೇ ನೋಡಿದ್ದೆ ಎಂದು ಒಪ್ಪಿಕೊಳ್ಳಬೇಕಿತ್ತು. ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಚೀಲ ಒಗೆಯಲು ಹೋದ ಹೆಂಡತಿಗೆ ಓಲೆ ಸಿಕ್ಕಿತ್ತಂತೆ. "ಎಂಥ ಕಣ್ಣು ಮಾರಾಯ್ರೇ ನಂದು! ಕಸ ಅಂತ ಎಡಕ್ಕೆ ಹಾಕ್ಬಿಟ್ಟಿದ್ದೀನಿ. ನಿಮಗೂ ಕಾಣ್ಲಿಲ್ವಾ?" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಹಾಗೆ, ದೂರ ನಿಲ್ಲಿಸಿದವರು ನೀವೇ ಅಲ್ಲವೇ ಎಂದು ರೇಗಿದೆ. ಆ ಗಳಿಗೆಯಲ್ಲೂ ನನ್ನನ್ನು ಕೊರೆದದ್ದು ಒಂದೇ: ಕೊನೆಗೂ ಹುಡುಕಿದವರು ಆ ಚೀಲ ಹೊಲಿದವರೇ.

ಇಬ್ಬರೂ ಹೋಗಿ ಓಲೆ ಕೊಟ್ಟೆವು. ಇಬ್ಬರಿಗೂ ಸೇರಿ ಸಿಕ್ಕಿತು ಎಂದು ಮೇಷ್ಟ್ರು ಹೇಳಿದರು. ಅವರದು ಅಂಥ ಬುದ್ಧಿ. ಮನೆಯವರು ಹೇಳಿಕಳಿಸಿದ ಮೇಲೆ ಆ ಹೆಂಗಸು ಬಂದಳು. ಕಣ್ಣು ಊದಿಕೊಂಡಿತ್ತು. ಸೀದಾ ನನ್ನ ಎದುರಿಗೆ ಬಂದು ಕೈ ಮುಗಿದಳು.

"ನಿನ್ನೆ ನಮ್ಮನೇಲಿ ಒಲೆ ಹಚ್ಚಿಲ್ಲ ಅಣ್ಣ. ನನ್ನ ಗಂಡನೂ ಕೇಳ್ಬಿಟ್ರು, ನಿಜವಾಗ್ಲೂ ತಗೊಂಡಿಲ್ವಾ ಅಂತ" ಎಂದಳು. ಆಮೇಲೆ ಕೇಳಿದಳು, "ಇವತ್ತು ಬೆಳಿಗ್ಗೆ ತಾನೇ ಸಿಕ್ಕಿದ್ದು?"

"ಹೌದಮ್ಮ, ಬೆಳಿಗ್ಗೇನೇ" ಎಂದೆ.