ದುಬೈಯಲ್ಲೊಂದು ಖಾಲಿ ಕುರ್ಚಿ

ನಾಸಿಕ್‌ನಲ್ಲಿರುವ ನಮ್ಮ ಹೋಟೆಲಿನ ಫ್ರಾಂಚೈಸಿ ದುಬೈಯಲ್ಲಿ ತೆರೆಯುವ ಮುನ್ನ, ಅಲ್ಲಿಗೆ ನೇಮಿಸಿದ ಹುಬ್ಬಳ್ಳಿ ಕಡೆಯ ಮ್ಯಾನೇಜರ್ ಇಲ್ಲಿಗೆ ಬಂದು ಎಲ್ಲದರ ಫೋಟೊ ತೆಗೆದುಕೊಂಡ. ಸಾಂಬಾರಿಗೆ ಹಾಕುವ ಬೆಲ್ಲದ ಅಚ್ಚನ್ನೂ ಬಿಡಲಿಲ್ಲ. “ಒಂಚೂರೂ ಬದಲಾಗಬಾರದು” ಎಂದು ಗದರಿದವನು ನಾನೇ.

ಉದ್ಘಾಟನೆಯ ಮರುದಿನ ಬೆಳಿಗ್ಗೆ ಅವನ ವಿಡಿಯೊ ಕಾಲ್ ಬಂತು. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಖಾಲಿ ಕುರ್ಚಿ, ಅದರ ಮುಂದೆ ಹಬೆಯಾಡುವ ಕಾಫಿ. ಇಲ್ಲಿ ಅದು ನನ್ನ ಹೆಂಡತಿ ಕೂರುತ್ತಿದ್ದ ಜಾಗ. ಅವಳು ತೀರಿಕೊಂಡ ಮೇಲೂ ದಿನದ ಮೊದಲ ಕಾಫಿಯನ್ನು ನಾನು ಅಲ್ಲೇ ಇಡುತ್ತೇನೆ. ಅದನ್ನೂ ಹೋಟೆಲಿನ ಪದ್ಧತಿ ಎಂದುಕೊಂಡಿದ್ದಾನೆ, ಪುಣ್ಯಾತ್ಮ!

“ಸರ್, ಇದನ್ನ ಆಮೇಲೆ ಯಾರು ಕುಡೀಬೇಕ್ರಿ?”

ಸಿಟ್ಟು ಬಂದಿತ್ತು. ಇಲ್ಲಿನ ಕುರ್ಚಿಯ ಮುಂದೆ ಆರುತ್ತಿದ್ದ ಕಾಫಿಯತ್ತ ನೋಡಿದೆ.

“ಆರಿದ ಮೇಲೆ ನೀವೇ ಕುಡಿಯಿರಿ ಮಾರಾಯ್ರೆ. ಇಲ್ಲಿ ನಾನೇ ಕುಡಿಯುವುದು.”