ಉಜ್ಜನಪ್ಪನವರ ದಾರಿ ವರದಿ

ಕಾರ್ತಿಕ ಬಂತೆಂದರೆ ಶಿವಮೊಗ್ಗದ ನಮ್ಮ ಚಾರಣ ಗುಂಪಿನ ಹನ್ನೆರಡು ಜನರೂ ಭದ್ರಾವತಿಯ ಉಜ್ಜನಪ್ಪನವರ ವರದಿಗೆ ಕಾಯುತ್ತೇವೆ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಆಯುಷ್ಯ ಕಳೆದವರು. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಎರಡು ವರ್ಷ. ಮಳೆ ನಿಂತ ಮೇಲೆ ನಾವು ಹತ್ತಬೇಕಾದ ಗುಡ್ಡವನ್ನು ಮೊದಲು ತಾವೇ ಹತ್ತಿ, ದಾರಿ ಹೇಗಿದೆ ಎಂದು ವಾಟ್ಸಾಪ್ ಗುಂಪಿಗೆ ಬರೆಯುವುದು ನಿವೃತ್ತರಾದ ವರ್ಷದಿಂದ ಅವರ ಪದ್ಧತಿ. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟು. ಇಂಬಳ ಕಾಲಿಗಂಟಿ ರಕ್ತ ಹೀರುವ ಕಾಟ ಮುಗಿದಿದೆ. ಬಂಡೆಯ ಪಾಚಿ ಒಣಗಿಲ್ಲ, ಎಡಕ್ಕೆ ನಡೆಯಿರಿ. ಲೇತ್ ಹಿಡಿದ ಕೈ, ಒಂದು ನೂಲೂ ಆಚೀಚೆ ಆಗುವುದಿಲ್ಲ. ಕೊನೆಯ ಸಾಲು ಮಾತ್ರ ಪ್ರತಿವರ್ಷ ಒಂದೇ: 'ಒಬ್ಬನೇ ಹೋಗಿಬಂದೆ, ತೊಂದರೆಯಿಲ್ಲ.'

ನಾವು ಹೆಬ್ಬೆರಳ ಚಿತ್ರ ಒತ್ತಿ, ಹೋಗಿ ಬಂದು, ಫೋಟೋ ಹಾಕಿ ಸುಮ್ಮನಾಗುತ್ತಿದ್ದೆವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಒಂದು ಸಲವಾದರೂ ನಮ್ಮೊಂದಿಗೆ ಹತ್ತಬೇಕೆಂಬ ಆಸೆ ಅವರಿಗಿತ್ತು. ಅದು ನಮಗೆ ಗೊತ್ತಿರಲಿಲ್ಲ, ಕೇಳುವ ಗೋಜಿಗೂ ಹೋಗಲಿಲ್ಲ.

ಈ ವರ್ಷದ ವರದಿ ಬೇರೆಯಿತ್ತು. 'ಕವಲಿನಲ್ಲಿ ಹುಲ್ಲು ಆಳೆತ್ತರ ಬೆಳೆದು ದಾರಿ ಮುಚ್ಚಿದೆ. ಗೊತ್ತಿರುವವರು ಜೊತೆಗಿಲ್ಲದೆ ಬರಬೇಡಿ.' ನಮ್ಮನ್ನು ಹೊರಡಿಸುವವರು ದುರ್ಗಿಗುಡಿಯ ಸಂಧ್ಯಾ ಟೀಚರ್. ಅವರು ತಕ್ಷಣ ಉತ್ತರಿಸಿದರು: 'ಥ್ಯಾಂಕ್ಸ್ ಸರ್. ಹಾಗಾದ್ರೆ ಈ ಸಲ ಬೇರೆ ಗುಡ್ಡಕ್ಕೆ ಹೋಗ್ತೀವಿ.'

ಆ ಭಾನುವಾರ ಭದ್ರಾವತಿಯಲ್ಲಿ ನೆಂಟರ ಗೃಹಪ್ರವೇಶವಿದ್ದುದರಿಂದ ನಾನು ಚಾರಣಕ್ಕೆ ಹೋಗಲಿಲ್ಲ. ಸಂಜೆ ಬಸ್ ನಿಲ್ದಾಣದಲ್ಲಿ ಊರಿಗೆ ಮರಳಲು ಕಾಯುತ್ತಿದ್ದಾಗ ಉಜ್ಜನಪ್ಪನವರು ಒಂದು ಬಸ್ಸಿನಿಂದ ಇಳಿದರು. ಚೀಲದಿಂದ ಕುಡುಗೋಲಿನ ಹಿಡಿ ಇಣುಕುತ್ತಿತ್ತು, ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು.

"ಎಲ್ಲಿಂದ ಸರ್?"

"ಗುಡ್ಡದಿಂದ. ಕವಲಲ್ಲಿ ಹುಲ್ಲು ಸವರಿ ಬಂದೆ." ಬೆಂಚಿನ ಮೇಲೆ ಕೂತು ಒಂದೊಂದೇ ಮುಳ್ಳು ಕೀಳತೊಡಗಿದರು. "ಆಳೆತ್ತರ ಏನಿರ್ಲಿಲ್ಲ ಮಾರಾಯ. ಮೊಣಕಾಲುದ್ದ ಅಷ್ಟೆ. ಸುಳ್ಳು ಬರ್ದೆ. 'ನೀವೇ ಜೊತೆಗೆ ಬನ್ನಿ ಸರ್' ಅಂತೀರೇನೋ ಅಂದ್ಕೊಂಡಿದ್ದೆ."

"ಬರ್ತೀನಿ ಅಂದಿದ್ರೆ ಬೇಡ ಅಂತಿದ್ವಾ ಸರ್? ನಿಮಗೆ ಒಬ್ರೇ ಹೋಗೋದೇ ಇಷ್ಟ ಅಂತ ತಿಳ್ಕೊಂಡಿದ್ವಿ. ಪ್ರತಿ ಸಲ ಹಾಗೇ ಬರೀತೀರಲ್ಲ."

"ಅದು ನಿಮಗೆ ಧೈರ್ಯ ಬರ್ಲಿ ಅಂತ. ಅರವತ್ತೈದರ ಮುದುಕ ಒಬ್ನೇ ಹೋಗಿಬಂದ ಅಂದ್ರೆ ನೀವ್ಯಾರೂ ಹೆದರಲ್ಲ ಅಂತ."

ನನಗೆ ನಾಚಿಕೆಯಾಯಿತು. ಏಳು ವರ್ಷ ಅವರ ಮಾತು ನಂಬಿ ಕಾಲಿಟ್ಟವರು ನಾವು. ಕಾಫಿಗೆ ಕರೆದೆ. ಮನೆ ಬಾಗಿಲಿಗೆ ದೀಪ ಹಚ್ಚಬೇಕು, ಬೇರೆ ಯಾರಿದ್ದಾರೆ ಎಂದು ಎದ್ದು ಹೊರಟರು.

ನನ್ನ ಬಸ್ಸು ಮಲವಗೊಪ್ಪ ದಾಟುವಾಗ ಗುಂಪಿಗೆ ಹೊಸ ವರದಿ ಬಂತು. 'ಕವಲಿನ ಹುಲ್ಲು ಸವರಿದ್ದೇನೆ. ಹಳ್ಳದಲ್ಲಿ ನೀರಿಲ್ಲ. ದಾರಿ ಚೆನ್ನಾಗಿದೆ. ಒಬ್ಬನೇ ಹೋಗಿಬಂದೆ, ಬೇಜಾರಾಯಿತು.'